ಇಂಗ್ಲಿಷ್ ಬೈಬಲ್‌ನ ಅಡಿಟಿಪ್ಪಣಿ ಓದುವುದು ಹೇಗೆ?

ಗುರುವಾರ ಸಂಜೆಯ ನಮ್ಮ ಬೈಬಲ್ ಸ್ಟಡಿಗೆ ಬರುವವರ ಕೈಯಲ್ಲಿ ಒಬ್ಬೊಬ್ಬರದು ಒಂದೊಂದು ಇಂಗ್ಲಿಷ್ ಬೈಬಲ್. ಹುಡುಗರ ಮೊಬೈಲ್‌ನಲ್ಲಿ ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಇಲ್ಲವೇ ಇಎಸ್‌ವಿ (ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್). ಥಿಯಾಲಜಿ ಓದುವವನ ಹತ್ತಿರ ಎನ್‌ಆರ್‌ಎಸ್‌ವಿ (ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್). ಹಿರಿಯರ ಕೈಯಲ್ಲಿ 1611ರ ಹಳೆಯ ಅನುವಾದ ಕಿಂಗ್ ಜೇಮ್ಸ್. ಒಂದೇ ವಚನ ನಾಲ್ಕು ಥರ ಕೇಳಿಸಿದಾಗ ಯಾರಾದರೂ ಕೇಳೇ ಕೇಳುತ್ತಾರೆ: "ಇದರಲ್ಲಿ ಸರಿಯಾದದ್ದು ಯಾವುದು ಟೀಚರ್?"

ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದವಳು ನಾನು. ಆ ಪ್ರಶ್ನೆಗೆ ಥಟ್ಟಂತ ಉತ್ತರ ಕೊಡುವುದಿಲ್ಲ, ಹುಡುಕುವ ದಾರಿ ತೋರಿಸುತ್ತೇನೆ. ಇವತ್ತಿನ ಇಂಗ್ಲಿಷ್ ಬೈಬಲ್‌ಗಳಲ್ಲಿ ಹೆಚ್ಚಿನವು ಸಮಿತಿಯ ಕೆಲಸ. ವಿದ್ವಾಂಸರು ಮೇಜಿನ ಸುತ್ತ ಕೂತು, ವಾದ ಮಾಡಿ, ಮತ ಹಾಕಿ ಒಂದೊಂದು ವಚನವನ್ನೂ ತೀರ್ಮಾನಿಸಿದ್ದಾರೆ. ವಾದದಲ್ಲಿ ಸೋತ ಕಡೆಯವರ ಮಾತು ಬಹಳ ಸಲ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಉಳಿದಿರುತ್ತದೆ. ನಾವು ಆ ಸಣ್ಣಕ್ಷರವನ್ನು ಓದದೆ ಜಗಳ ಆಡುತ್ತೇವೆ.

ಮೊದಲು ಇಸವಿ ನೋಡಿ

ಕಾಪಿರೈಟ್ ಪುಟದಿಂದ ಶುರು ಮಾಡಿ. ಎನ್‌ಐವಿಯ ಹೊಸ ಒಡಂಬಡಿಕೆ 1973ರಲ್ಲಿ, ಪೂರ್ತಿ ಬೈಬಲ್ 1978ರಲ್ಲಿ ಬಂತು. 1984ರಲ್ಲೂ 2011ರಲ್ಲೂ ತಿದ್ದಿದರು. ಹೆಸರು ಅದೇ, ಒಳಗಿನ ಮಾತು ಅಲ್ಲಲ್ಲಿ ಬೇರೆ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ ತೆಗೆಯಿರಿ. 1984ರ ಪ್ರತಿಯಲ್ಲಿ ಪೌಲನು 'ಸಹೋದರರೇ' ಅನ್ನುತ್ತಾನೆ, 2011ರ ಪ್ರತಿಯಲ್ಲಿ 'ಸಹೋದರ ಸಹೋದರಿಯರೇ' ಅನ್ನುತ್ತಾನೆ. ಮನೆಯ ಪುಸ್ತಕ ಹಳೆಯದು, ಮೊಬೈಲ್‌ನ ಆಪ್ ಹೊಸದು ಆಗಿದ್ದರೆ ಗೊಂದಲ ಆಗಿಯೇ ಆಗುತ್ತದೆ. ಇಸವಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು.

ಆಮೇಲೆ ಮುನ್ನುಡಿ

ಮುನ್ನುಡಿಯನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿ. ಅಲ್ಲಿ ಮೂರು ವಿಷಯ ಹುಡುಕಬೇಕು: ಮೇಜಿನ ಸುತ್ತ ಯಾರು ಕೂತಿದ್ದರು, ಕೆಲಸ ಎಷ್ಟು ಕೈ ದಾಟಿತು, ಅವರು ಇಟ್ಟುಕೊಂಡ ನಿಯಮ ಏನು.

ಎನ್‌ಐವಿಯ ಕಥೆ ನೋಡಿ. 1965ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಾಲೋಸ್ ಹೈಟ್ಸ್‌ನಲ್ಲಿ ಬೇರೆ ಬೇರೆ ಸಭೆಗಳ ವಿದ್ವಾಂಸರು ಸೇರಿ, ಈಗಿನ ಇಂಗ್ಲಿಷ್‌ನಲ್ಲಿ ಹೊಸ ಅನುವಾದ ಬೇಕು ಅಂತ ಒಪ್ಪಿಕೊಂಡರು. ನೂರಕ್ಕೂ ಹೆಚ್ಚು ಜನ ಕೈಜೋಡಿಸಿದರು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರೆಲ್ಲ ಇದ್ದರು. ಒಂದೊಂದು ಪುಸ್ತಕವನ್ನು ಮೊದಲು ಒಂದು ತಂಡ ಅನುವಾದ ಮಾಡಿತು. ಅದನ್ನು ಇನ್ನೊಂದು ಸಮಿತಿ ಹೀಬ್ರೂ, ಗ್ರೀಕ್ ಮೂಲಕ್ಕೆ ಹಿಡಿದು ತಿದ್ದಿತು. ಅದರ ಮೇಲೆ ಮತ್ತೊಂದು ಸಮಿತಿ. ಕೊನೆಗೆ ಎಲ್ಲವನ್ನೂ ನೋಡಿ ಒಪ್ಪಿಗೆ ಕೊಡುವ ಮುಖ್ಯ ಸಮಿತಿ. "ಯಾರೋ ಒಬ್ಬ ತನಗೆ ಬೇಕಾದಂತೆ ಬದಲಾಯಿಸಿದ" ಅನ್ನುವವರಿಗೆ ನಾನು ಇದಿಷ್ಟನ್ನೂ ಓದಿ ಹೇಳುತ್ತೇನೆ.

1989ರ ಎನ್‌ಆರ್‌ಎಸ್‌ವಿಯ ಮುನ್ನುಡಿಯ ಕೆಳಗೆ ಬ್ರೂಸ್ ಮೆಟ್ಜ್‌ಗರ್ ಅವರ ಹೆಸರಿದೆ. ಪ್ರಿನ್ಸ್‌ಟನ್ ಸೆಮಿನರಿಯ ಪ್ರಾಧ್ಯಾಪಕರು, ಸಮಿತಿಯ ಅಧ್ಯಕ್ಷರು. ಸುಮಾರು 30 ಜನರ ಆ ಸಮಿತಿಯಲ್ಲಿ ಪ್ರೊಟೆಸ್ಟೆಂಟರ ಜೊತೆ ಕ್ಯಾಥೊಲಿಕರಿದ್ದರು, ಆರ್ಥಡಾಕ್ಸ್ ಸಭೆಯವರೊಬ್ಬರಿದ್ದರು, ಹಳೆ ಒಡಂಬಡಿಕೆಯ ಕೆಲಸಕ್ಕೆ ಯೆಹೂದಿ ವಿದ್ವಾಂಸರೊಬ್ಬರಿದ್ದರು. ಅವರ ನಿಯಮ: ಆದಷ್ಟು ಮೂಲದ ಪದಕ್ಕೆ ಅಂಟಿಕೊಳ್ಳುವುದು, ಬೇಕಾದ ಕಡೆ ಮಾತ್ರ ಸಡಿಲ ಬಿಡುವುದು. ಇಷ್ಟು ಬೇರೆ ಬೇರೆ ಕಡೆಯವರು ಒಂದೇ ವಾಕ್ಯಕ್ಕೆ ಒಪ್ಪಿದ್ದಾರೆ ಅಂದರೆ ಆ ವಾಕ್ಯಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ನನಗೆ ತುಂಬ ಇಷ್ಟವಾದ ವ್ಯವಸ್ಥೆ ಬ್ರಿಟನ್ನಿನ ನ್ಯೂ ಇಂಗ್ಲಿಷ್ ಬೈಬಲ್‌ನದು. 1961ರಲ್ಲಿ ಹೊಸ ಒಡಂಬಡಿಕೆ, 1970ರಲ್ಲಿ ಪೂರ್ತಿ. ಸಿ. ಎಚ್. ಡಾಡ್ ಅದರ ನಿರ್ದೇಶಕರು. ಭಾಷಾ ವಿದ್ವಾಂಸರ ತಂಡಗಳ ಜೊತೆಗೆ, ಇಂಗ್ಲಿಷ್ ಚೆನ್ನಾಗಿದೆಯಾ ಅಂತ ನೋಡಲಿಕ್ಕೇ ಒಂದು ಸಾಹಿತ್ಯ ಸಮಿತಿ ಇಟ್ಟಿದ್ದರು. ಕರಡು ಆ ಸಮಿತಿಗೆ ಹೋಗಿ, ಅರ್ಥ ಕೆಟ್ಟಿಲ್ಲ ತಾನೇ ಅಂತ ನೋಡಲು ಮತ್ತೆ ವಿದ್ವಾಂಸರಿಗೇ ಬರುತ್ತಿತ್ತು.

ಈಗ ಪುಟದ ಕೆಳಗೆ

ಮುಖ್ಯ ಕೆಲಸ ಇಲ್ಲಿದೆ. ಅಡಿಟಿಪ್ಪಣಿಗಳಲ್ಲಿ ಹಲವು ಬಗೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

'ಅಥವಾ' ಅಂತ ಶುರುವಾಗುವ ಟಿಪ್ಪಣಿ ಇದ್ದರೆ, ಮೂಲದ ಪದಕ್ಕೆ ಇನ್ನೊಂದು ಅರ್ಥವೂ ಕೂಡುತ್ತದೆ ಅಂತ ಲೆಕ್ಕ. ಇದಕ್ಕೆ ಯೆಶಾಯನ 7ನೇ ಅಧ್ಯಾಯದ 14ನೇ ವಚನಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಎನ್‌ಆರ್‌ಎಸ್‌ವಿಗೆ ಮುಂಚಿನ ರೂಪವಾದ 1952ರ ಆರ್‌ಎಸ್‌ವಿಯಲ್ಲಿ ಮೇಲೆ 'ಯುವತಿ', ಕೆಳಗೆ 'ಅಥವಾ ಕನ್ಯೆ'. 2011ರ ಎನ್‌ಐವಿಯಲ್ಲಿ ಮೇಲೆ 'ಕನ್ಯೆ', ಕೆಳಗೆ 'ಅಥವಾ ಯುವತಿ'. ಎರಡು ಸಮಿತಿಗಳ ಮುಂದೆಯೂ ಇದ್ದದ್ದು ಅದೇ ಹೀಬ್ರೂ ಪದ, ಅದೇ ಎರಡು ಅರ್ಥ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿದೆ ಅಷ್ಟೆ. 1952ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸಭಾಪಾಲಕರೊಬ್ಬರು ಆ ಪುಟವನ್ನು ಬಹಿರಂಗವಾಗಿ ಸುಟ್ಟರು. ಅವರಿಗೆ ಬೇಕಾಗಿದ್ದ ಪದ ಅದೇ ಪುಟದಲ್ಲಿ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

'ಬೇರೆ ಹಳೆಯ ಹಸ್ತಪ್ರತಿಗಳಲ್ಲಿ' ಅನ್ನುವ ಟಿಪ್ಪಣಿ ಬೇರೆ ಜಾತಿಯದು. ಇಲ್ಲಿ ವಾದ ಅರ್ಥದ ಮೇಲಲ್ಲ, ಮೂಲದಲ್ಲಿ ಏನು ಬರೆದಿತ್ತು ಅನ್ನುವುದರ ಮೇಲೆ. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ತೆಗೆಯಿರಿ. ಫಿಲಿಪ್ಪನೂ ಐಥಿಯೋಪ್ಯದ ಕಂಚುಕಿಯೂ ನೀರಿನ ಹತ್ತಿರ ಬರುತ್ತಾರೆ. ಎನ್‌ಐವಿಯಲ್ಲಿ 36 ಆದ ಮೇಲೆ 38. "ವಚನ ಕದ್ದಿದ್ದಾರೆ" ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಇಂಥದ್ದರ ಮೇಲೆಯೇ. ಕೆಳಗೆ ನೋಡಿ, 37ನೇ ವಚನ ಅಲ್ಲಿದೆ. ನಮಗೆ ಸಿಕ್ಕಿರುವ ತುಂಬ ಹಳೆಯ ಗ್ರೀಕ್ ಪ್ರತಿಗಳಲ್ಲಿ ಆ ವಚನ ಇಲ್ಲ. 16ನೇ ಶತಮಾನದಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ಎರಾಸ್ಮಸ್ ಅದನ್ನು ಒಂದು ಹಸ್ತಪ್ರತಿಯ ಅಂಚಿನಲ್ಲಿ ಕಂಡು ಸೇರಿಸಿದರು. ಕಿಂಗ್ ಜೇಮ್ಸ್‌ಗೆ ಅದು ಅಲ್ಲಿಂದ ಹರಿದು ಬಂತು. 1551ರಲ್ಲಿ ರಾಬರ್ಟ್ ಎಸ್ಟಿಯೆನ್ ವಚನಗಳಿಗೆ ನಂಬರು ಹಾಕಿದಾಗ ಅದಕ್ಕೂ ಒಂದು ನಂಬರು ಸಿಕ್ಕಿತು. ಈಗಿನ ಸಮಿತಿಗಳು ವಚನವನ್ನು ಕೆಳಗೆ ಇಳಿಸಿದವು, ನಂಬರನ್ನು ಮುಟ್ಟಲಿಲ್ಲ. ಅದಕ್ಕೇ ಎಣಿಕೆ ತಪ್ಪಿದಂತೆ ಕಾಣುತ್ತದೆ.

ಕೆಲವು ಸಲ ಸಮಿತಿ ಸೇರಿಸುವುದೂ ಉಂಟು. 1 ಸಮುವೇಲ 11ರಲ್ಲಿ ಅಮ್ಮೋನಿಯರ ಅರಸ ನಾಹಾಷನು ಯಾಬೇಷ್ ಗಿಲ್ಯಾದಿಗೆ ಮುತ್ತಿಗೆ ಹಾಕಿ, ಎಲ್ಲರ ಬಲಗಣ್ಣು ಕಿತ್ತರೆ ಮಾತ್ರ ಒಪ್ಪಂದ ಅನ್ನುತ್ತಾನೆ. ಇವನು ಎಲ್ಲಿಂದ ಬಂದ, ಯಾಕೆ ಈ ಊರೇ, ಯಾಕೆ ಕಣ್ಣು? ಎನ್‌ಆರ್‌ಎಸ್‌ವಿಯಲ್ಲಿ 10ನೇ ಅಧ್ಯಾಯದ ಕೊನೆಗೆ ಒಂದು ಪ್ಯಾರಾ ಜಾಸ್ತಿ ಇದೆ. ನಾಹಾಷನು ಇಸ್ರಾಯೇಲಿನ ಕುಲಗಳಾದ ಗಾದ್ಯರನ್ನೂ ರೂಬೇನ್ಯರನ್ನೂ ಹಿಂಸಿಸುತ್ತಿದ್ದ, ಅವರ ಬಲಗಣ್ಣು ಕೀಳಿಸುತ್ತಿದ್ದ, ತಪ್ಪಿಸಿಕೊಂಡ 7,000 ಜನ ಯಾಬೇಷ್ ಗಿಲ್ಯಾದನ್ನು ಸೇರಿದ್ದರು. ಈಗ ಕಥೆ ಕೂಡಿತು, ಅಲ್ವಾ? ಈ ಪ್ಯಾರಾ ಎಲ್ಲಿಂದ ಬಂತು ಅಂತ ಕೆಳಗಿನ ಟಿಪ್ಪಣಿ ಹೇಳುತ್ತದೆ. ಅಲ್ಲಿನ ಕ್ಯೂ (Q) ಅಕ್ಷರ ಅಂದರೆ ಕುಮ್ರಾನ್, ಅಂದರೆ ಮೃತ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಸುರುಳಿ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಇದನ್ನೇ ಹೇಳಿದ್ದಾನೆ ಅಂತ ಟಿಪ್ಪಣಿ ಸೂಚಿಸುತ್ತದೆ. ಎನ್‌ಐವಿಯ ಪಠ್ಯದಲ್ಲಿ ಈ ಪ್ಯಾರಾ ಇಲ್ಲ. ನಕಲು ಮಾಡುವಾಗ ಯಾರದೋ ಕಣ್ಣು ಜಾರಿ ಈ ಸಾಲುಗಳು ಬಿಟ್ಟುಹೋದವು ಅನ್ನುವವರಿದ್ದಾರೆ. ಕಥೆ ಬಿಡಿಸಿ ಹೇಳಲು ಯಾರೋ ಆಮೇಲೆ ಸೇರಿಸಿದರು ಅನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ.

ಎನ್‌ಆರ್‌ಎಸ್‌ವಿಯಲ್ಲಿ 'ಸಿಎನ್' ಅಂತ ಕಂಡರೆ ನಿಂತು ಓದಿ. ಮೂಲ ಕೆಟ್ಟುಹೋಗಿದೆ, ನಾವು ಊಹಿಸಿ ತಿದ್ದಿದ್ದೇವೆ ಅನ್ನುವ ಗುರುತು ಅದು. 'ಹೀಬ್ರೂ ಅರ್ಥ ಖಚಿತವಿಲ್ಲ' ಅಂತ ಇದ್ದ ಕಡೆ ಪ್ರಸಂಗ ಮಾಡುವವರು ಆ ಒಂದು ಪದದ ಮೇಲೆ ದೊಡ್ಡ ಬೋಧನೆ ಕಟ್ಟದಿರುವುದು ಒಳ್ಳೆಯದು. ಇನ್ನೂ ವಿವರ ಬೇಕಂದ್ರೆ ನೆಟ್ (NET) ಬೈಬಲ್ ಅನ್ನುವ ಇಂಗ್ಲಿಷ್ ಅನುವಾದ ನೋಡಿ. ಅದರಲ್ಲಿ ಅನುವಾದಕರ ಟಿಪ್ಪಣಿಗಳೇ 60 ಸಾವಿರದ ಮೇಲಿವೆ.

ನೀವೂ ಮೇಜಿನ ಸುತ್ತ ಕೂತು ನೋಡಿ

ಒಬ್ಬರೇ ಓದಿದರೆ ಇದು ಅರ್ಧ ಮಾತ್ರ ಹತ್ತುತ್ತದೆ. ಕಿಂಗ್ ಜೇಮ್ಸ್ ಅನುವಾದಕರ ಬಗ್ಗೆ 17ನೇ ಶತಮಾನದ ಇಂಗ್ಲಿಷ್ ವಿದ್ವಾಂಸ ಜಾನ್ ಸೆಲ್ಡನ್ ಹೇಳಿದ ಒಂದು ಮಾತು ಉಳಿದಿದೆ: ಒಬ್ಬರು ಅನುವಾದವನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಬೇರೆ ಬೇರೆ ಭಾಷೆಯ ಬೈಬಲ್ ಕೈಯಲ್ಲಿ ಹಿಡಿದಿರುತ್ತಿದ್ದರು. ತಪ್ಪು ಕಂಡರೆ ಬಾಯಿ ಬಿಡುತ್ತಿದ್ದರು, ಇಲ್ಲದಿದ್ದರೆ ಓದು ಮುಂದುವರಿಯುತ್ತಿತ್ತು. ನಮ್ಮ ಗುರುವಾರದ ಪದ್ಧತಿ ಇದೇ. ನಾಲ್ಕೈದು ಜನ ಸಾಕು. ಎನ್‌ಐವಿ ಒಬ್ಬರು ಓದಬೇಕು. ಒಬ್ಬರ ಕೈಯಲ್ಲಿ ಇಎಸ್‌ವಿ, ಒಬ್ಬರ ಕೈಯಲ್ಲಿ ಎನ್‌ಆರ್‌ಎಸ್‌ವಿ, ಒಬ್ಬರ ಕೈಯಲ್ಲಿ ಕನ್ನಡ ಸತ್ಯವೇದ. ವ್ಯತ್ಯಾಸ ಕಂಡವರು "ನಿಲ್ಲಿ" ಅನ್ನಬೇಕು. ನಿಂತ ಕಡೆ ಎಲ್ಲರೂ ಮೊದಲು ಅಡಿಟಿಪ್ಪಣಿ ಓದಬೇಕು, ಆಮೇಲೆ ಅಭಿಪ್ರಾಯ. ಈ ಕ್ರಮ ಮಾತ್ರ ತಪ್ಪಿಸಬೇಡಿ.

ಕೊನೆಗೆ ಮತ ಹಾಕಿ. 1870ರಲ್ಲಿ ಇಂಗ್ಲೆಂಡಿನಲ್ಲಿ ಕಿಂಗ್ ಜೇಮ್ಸ್ ಬೈಬಲನ್ನು ತಿದ್ದುವ ಕೆಲಸ, ಅಂದರೆ ರಿವೈಸ್ಡ್ ವರ್ಷನ್, ಶುರು ಮಾಡಿದವರಿಗೆ ಒಂದು ನಿಯಮವಿತ್ತು. ಮೊದಲ ಸುತ್ತಿನಲ್ಲಿ ಬರೀ ಬಹುಮತ ಸಾಕು. ಎರಡನೇ ಸುತ್ತಿನಲ್ಲಿ ಹಳೆಯ ಅನುವಾದವನ್ನು ಬದಲಿಸಬೇಕಾದರೆ ಹಾಜರಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ನಾವೂ ಒಂದು ವಾರ ಬಿಟ್ಟು ಎರಡನೇ ಸಲ ಮತ ಹಾಕುತ್ತೇವೆ. ಆ ವಾರದಲ್ಲಿ ಬಹಳ ಜನ ಮನಸ್ಸು ಬದಲಿಸಿಕೊಂಡು ಬರುತ್ತಾರೆ. ಸೋತವರ ಮಾತನ್ನು ನೋಟ್‌ಬುಕ್ಕಿನ ಪುಟದ ಕೆಳಗೆ ಬರೆದಿಡಲೇಬೇಕು.

ಮೊದಲ ಸಲಕ್ಕೆ ಫಿಲೆಮೋನನಿಗೆ ಬರೆದ ಪತ್ರ ತಗೊಳ್ಳಿ. ಬರೀ 25 ವಚನ, ಒಂದು ಸಂಜೆಗೆ ಸರಿಹೋಗುತ್ತದೆ. ಮಾರ್ಕ 16ರ ಕೊನೆಯ ಭಾಗ, ಯೋಹಾನ 8ರ ಶುರು ಇವೆಲ್ಲ ಮೂಲದಲ್ಲಿ ಇದ್ದವೋ ಇಲ್ಲವೋ ಅನ್ನುವ ದೊಡ್ಡ ವಾದಗಳು, ಆಮೇಲೆ ಇರಲಿ. ಫಿಲೆಮೋನನ 16ನೇ ವಚನದಲ್ಲಿ ಇಎಸ್‌ವಿ ಹಿಡಿದವರು ಖಂಡಿತ ಓದು ನಿಲ್ಲಿಸುತ್ತಾರೆ. ಯಾರ ಸಲುವಾಗಿ ಪೌಲನು ಈ ಪತ್ರ ಬರೆದನೋ ಆ ಒನೇಸಿಮನು ಗುಲಾಮನೋ ದಾಸನೋ ಅನ್ನುವ ಮಾತು ಅಲ್ಲಿ ಬರುತ್ತದೆ. ಇದೇ ಗ್ರೀಕ್ ಪದದ ಮೇಲೆ ಇಎಸ್‌ವಿ ಸಮಿತಿಯವರು 2010ರಲ್ಲಿ ಕೇಂಬ್ರಿಡ್ಜ್‌ನ ಬೈಬಲ್ ಸಂಶೋಧನಾ ಕೇಂದ್ರ ಟಿಂಡೇಲ್ ಹೌಸ್‌ನಲ್ಲಿ ಕೂತು ವಾದಿಸಿದ್ದನ್ನು ಬಿಬಿಸಿ ಚಿತ್ರೀಕರಿಸಿದೆ. ಆ ಚಿಕ್ಕ ವಿಡಿಯೋವನ್ನು ಎಲ್ಲರಿಗೂ ತೋರಿಸಿ, ಆಮೇಲೆ ಕೈ ಎತ್ತಿಸಿ.