ಹತ್ತು ಗಂಟೆಯ ಚುಚ್ಚುಮದ್ದು ಕಂಪ್ಯೂಟರಿನಲ್ಲಿ 6:40 ಆದದ್ದು: ನನ್ನ ಅನುಭವ

ನಮ್ಮ ಆಸ್ಪತ್ರೆ ವಾರ್ಡಿನಲ್ಲಿ ರೋಗಿಗಳಿಗೆ ಕೊಟ್ಟ ಔಷಧಿಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಬಂದಾಗ ಎರಡು ದಿನ ತರಬೇತಿ ನಡೆಯಿತು. ಪರದೆಯನ್ನು ಎಲ್ಲರೂ ನೋಡಿದೆವು, ಕೀಲಿಮಣೆ ಮುಟ್ಟಿದವರು ಇಬ್ಬರೇ.

ತಿಂಗಳೊಳಗೆ ಎದೆ ನಡುಗಿಸುವ ತಪ್ಪು ಕಣ್ಣಿಗೆ ಬಿತ್ತು. ರಾತ್ರಿ ಹತ್ತಕ್ಕೆ ಕೊಟ್ಟ ಆಂಟಿಬಯಾಟಿಕ್ ಚುಚ್ಚುಮದ್ದು ಬೆಳಗಿನ 6:40ಕ್ಕೆ ಕೊಟ್ಟಂತೆ ದಾಖಲಾಗಿತ್ತು. ಎಂಟು ಗಂಟೆಗೊಮ್ಮೆ ಕೊಡಬೇಕಾದ ಔಷಧಿ ಅದು. ಮುಂದಿನ ಪಾಳಿಯವರು ಆರು ಗಂಟೆಯ ಡೋಸ್ ಆಗಿಹೋಗಿದೆ ಎಂದೇ ತಿಳಿಯುತ್ತಿದ್ದರು.

ಸಿಸ್ಟರ್‌ಗಳನ್ನು ಬೈಯುವ ಬದಲು ಒಂದು ರಾತ್ರಿ ಜೊತೆಗೆ ಕುಳಿತೆ. ಎಲ್ಲರೂ ಚೀಟಿಯಲ್ಲಿ ಬರೆದುಕೊಂಡು ಪಾಳಿ ಮುಗಿಯುವಾಗ ಒಟ್ಟಿಗೆ ತುಂಬಿಸುತ್ತಿದ್ದರು. ವಿವರ ತುಂಬಿಸಿದ ಸಮಯವನ್ನೇ ಔಷಧಿ ಕೊಟ್ಟ ಸಮಯವೆಂದು ತಂತ್ರಾಂಶ ಹಾಕುತ್ತಿತ್ತು. ಅದನ್ನು ಬದಲಿಸಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾರಣ ಇನ್ನೂ ಆಳದಲ್ಲಿತ್ತು. ನಿವೃತ್ತಿಗೆ ಹತ್ತಿರವಿದ್ದ ಸಿಸ್ಟರ್ ಒಬ್ಬರು ಮೆಲ್ಲಗೆ ಕೇಳಿದರು: “ಮೇಡಂ, ತಪ್ಪು ಒತ್ತಿದರೆ ರೋಗಿಯ ದಾಖಲೆಯೇ ಅಳಿಸಿಹೋದರೆ?”

ಆ ಭಯಕ್ಕೆ ಮದ್ದು ಬೇಕಿತ್ತು. ತಂತ್ರಾಂಶದವರಿಂದ ಅಭ್ಯಾಸಕ್ಕೆಂದೇ ತಂತ್ರಾಂಶದ ಪ್ರತ್ಯೇಕ ನಕಲೊಂದನ್ನು, ಅದರಲ್ಲಿ ಕಾಲ್ಪನಿಕ ರೋಗಿಗಳನ್ನು ಹಾಕಿಸಿಕೊಂಡೆ. ಪಾಳಿ ಹಸ್ತಾಂತರವಾದ ಮೇಲೆ ಹದಿನೈದು ನಿಮಿಷ, ಮೂವರಂತೆ, ವಾರ್ಡಿನಲ್ಲೇ ಅಭ್ಯಾಸ. ಮೊದಲ ದಿನ ಬೇಕೆಂದೇ ತಪ್ಪು ಮಾಡಿಸಿ, ಸರಿಪಡಿಸುವುದನ್ನು ಕಲಿಸಿದೆ. ಹೆಸರಿನಿಂದ ಹುಡುಕಿದರೆ ಮೂವರು ಮಂಜುಳಾ ಬರುತ್ತಾರೆ, ಒಳರೋಗಿ ಸಂಖ್ಯೆಯಿಂದ ಒಬ್ಬರೇ ಎಂಬುದನ್ನೂ ಅಲ್ಲೇ ತೋರಿಸಿದೆ. ಔಷಧಿ ಕೊಟ್ಟ ಕೂಡಲೇ ದಾಖಲಿಸಲೆಂದು ಔಷಧಿ ಟ್ರಾಲಿಯ ಮೇಲೆ ಟ್ಯಾಬ್ಲೆಟ್ ಕಂಪ್ಯೂಟರ್ ಒಂದನ್ನು ಇರಿಸುವಂತೆ ಪಟ್ಟು ಹಿಡಿದು ಕೇಳಿ ಪಡೆದೆ.

ಮೂರನೆಯ ವಾರಕ್ಕೆ ಚೀಟಿಗಳು ನಿಂತವು. ಈಗ ಹೊಸಬರಿಗೆ ಹೇಳಿಕೊಡುತ್ತಿರುವವರು ಅದೇ ಹಿರಿಯ ಸಿಸ್ಟರ್.