ಸ್ಪೈಡರ್‌ಮ್ಯಾನ್ ಮದುವೆಯ ವಾದಕ್ಕೆ ಕೂರುವ ಮುನ್ನ
ಬೆಳಗಾವಿಯ ಟಿಳಕವಾಡಿಯಲ್ಲಿ ಭಾನುವಾರ ಸಂಜೆ ನಾಲ್ಕು ಜನ ಕಾಮಿಕ್ಸ್ ಓದುಗರು ಚಹಾಕ್ಕೆ ಸೇರಿದರೆ, ಸ್ಪೈಡರ್‌ಮ್ಯಾನ್ ವೇಷದ ಹಿಂದಿರುವ ಪೀಟರ್ ಪಾರ್ಕರ್‌ನ ಮದುವೆಯ ಮಾತು ಬಂದೇ ಬರುತ್ತದೆ. ಅದು ಬರೀ ಕೂಗಾಟವಾಗಬಾರದೆಂದಿದ್ದರೆ ಮೊದಲು ಕಾಲಾನುಕ್ರಮವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪೀಟರ್ ಮತ್ತು ಮೇರಿ ಜೇನ್ ಮದುವೆಯಾದದ್ದು 1987ರಲ್ಲಿ. ಗುಂಡೇಟು ತಿಂದ ಮೇ ಚಿಕ್ಕಮ್ಮನ ಜೀವ ಉಳಿಸಲು ಇಬ್ಬರೂ ಮೆಫಿಸ್ಟೋ ಎಂಬ ದುಷ್ಟಶಕ್ತಿಗೆ ತಮ್ಮ ದಾಂಪತ್ಯವನ್ನೇ ಒಪ್ಪಿಸಿದ್ದು 2007ರಲ್ಲಿ ಆರಂಭವಾದ ‘ಒನ್ ಮೋರ್ ಡೇ’ ಕಥೆಯಲ್ಲಿ. ಅದರಿಂದ ಆ ಮದುವೆ ನಡೆದೇ ಇಲ್ಲವೆಂಬಂತಾಯಿತು. ಮದುವೆಯ ದಿನ ಪೀಟರ್ ಬಾರದೆ ಹೋದನೆಂಬ ಹೊಸ ಭೂತಕಾಲ ಓದುಗರಿಗೆ ತಿಳಿದದ್ದು 2010ರಲ್ಲಿ.

ಮುಂದಿನ ಕೆಲಸ, ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು. ನಾಯಕ ಅವಿವಾಹಿತನಾಗಿರಬೇಕೇ ಎಂಬುದು ಒಂದು. ಆಗಿಹೋದ ಮದುವೆಯನ್ನು ಅಳಿಸಿದ ರೀತಿ ಸರಿಯೇ ಎಂಬುದು ಇನ್ನೊಂದು. ಈ ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಸಂಸ್ಥೆಯ ಆಗಿನ ಪ್ರಧಾನ ಸಂಪಾದಕ ಜೋ ಕೆಸಾಡ, ಸಂಸಾರಸ್ಥ ಪೀಟರ್‌ಗಿಂತ ಒಂಟಿ ಪೀಟರ್‌ನ ಕಥೆಗಳಿಗೆ ಹೆಚ್ಚು ದಾರಿಗಳಿವೆ ಎಂದು ನಂಬಿದ್ದರು. ಆ ವಾದದಲ್ಲಿ ಹುರುಳಿದೆ ಎಂದು ಒಪ್ಪಿಕೊಂಡೂ, ಹೊಣೆಗಾರಿಕೆಯನ್ನೇ ಉಸಿರಾಗಿಸಿಕೊಂಡ ನಾಯಕನು ದುಷ್ಟಶಕ್ತಿಯೊಡನೆ ವ್ಯಾಪಾರಕ್ಕಿಳಿದದ್ದು ಅವನ ಸ್ವಭಾವಕ್ಕೆ ಹೊಂದದೆಂದು ನೀವು ಹೇಳಬಹುದು. ನನ್ನ ಪಕ್ಷ ಇದೇ.

‘ಕಲ್ಪಿತ ಕಥೆಗೇಕೆ ಇಷ್ಟು ಸಿಟ್ಟು’ ಎಂದು ಯಾರಾದರೂ ನಕ್ಕರೆ, ಇಪ್ಪತ್ತು ವರ್ಷ ಜೊತೆಗೆ ಓದಿಕೊಂಡು ಬಂದ ಸಂಸಾರ ಕೆಲವೇ ಪುಟಗಳಲ್ಲಿ ಇಲ್ಲವಾದದ್ದನ್ನು ನೆನಪಿಸಿ. (ಕುಂದಾ ತಟ್ಟೆ ಮುಂದಿದ್ದರೆ ಸಿಟ್ಟು ತುಸು ಇಳಿಯುತ್ತದೆ.) ಆದರೆ ‘ಒನ್ ಮೋರ್ ಡೇ’ಯ ಲೇಖಕ ಸ್ಟ್ರಾಜಿನ್ಸ್ಕಿಯವರೊಬ್ಬರನ್ನೇ ದೂರಬೇಡಿ, ಮುಕ್ತಾಯದ ಬಗ್ಗೆ ಅವರಿಗೂ ಸಂಪಾದಕರಿಗೂ ಭಿನ್ನಾಭಿಪ್ರಾಯವಿತ್ತು.