ಎಲೆಕ್ಟ್ರಿಕ್ ಪಿಕಪ್ಪಾ, ಕ್ರಾಸೋವರಾ? ಮೊದಲು ಗ್ಯಾರೇಜ್ ಅಳೆಯಿರಿ

ಅಮೆರಿಕದಲ್ಲಿ ಹೊಸದಾಗಿ ಎಲೆಕ್ಟ್ರಿಕ್ ಗಾಡಿ ತಗೊಳ್ಳೋ ನಮ್ಮವರಿಗೆ ನನ್ನ ಮೊದಲ ಮಾತು: ಶೋರೂಮಿಗೆ ಹೋಗೋಕೆ ಮುಂಚೆ ಟೇಪ್ ಹಿಡಿದು ಗ್ಯಾರೇಜ್ ಅಳೆಯಿರಿ. ಫೋರ್ಡ್ ಎಫ್-150 ಲೈಟ್ನಿಂಗ್ ಪಿಕಪ್ ಸುಮಾರು 19.4 ಅಡಿ ಉದ್ದ. ಅದೇ ಕಂಪನಿಯ ಕ್ರಾಸೋವರ್ (ಕಾರಿನ ಹಾಗೇ ಇರೋ ಎಸ್‌ಯುವಿ) ಮಸ್ಟಾಂಗ್ ಮ್ಯಾಕ್-ಇ 15.5 ಅಡಿ. ನಮ್ಮ ಗ್ಯಾರೇಜ್ 20 ಅಡಿ, ಆದರೆ ಒಳಗೋಡೆಗೆ ಅಕ್ಕಿ ಮೂಟೆ ಇಡೋ ಶೆಲ್ಫು, ಅದರ ಮುಂದೆ ಮಕ್ಕಳ ಸೈಕಲ್ಲು. ಪಿಕಪ್ ತಂದಿದ್ದರೆ ಬಾಗಿಲು ಹಾಕೋಕೇ ಆಗ್ತಿರಲಿಲ್ಲ.

ಟ್ರೇಲರ್ ಎಳೆಯೋ ಆಸೆ ಇದ್ದವರು ಇದನ್ನ ಗಮನಿಸಿ. ಲೈಟ್ನಿಂಗಿನ ದೊಡ್ಡ ಬ್ಯಾಟರಿ 131 ಯೂನಿಟ್, ಇಪಿಎ (ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ) ಲೆಕ್ಕದಲ್ಲಿ 320 ಮೈಲಿವರೆಗೆ ಬರುತ್ತೆ. ಎತ್ತರದ ಟ್ರೇಲರ್ ಕಟ್ಟಿ ಹೈವೇ ಹತ್ತಿದರೆ ಅದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಭಾರಕ್ಕಿಂತ ಗಾಳಿಯ ತಡೆಯೇ ಹೆಚ್ಚು ಚಾರ್ಜ್ ತಿನ್ನೋದು. ಚಳಿ ಸೇರಿದರೆ ಇನ್ನೂ ಕಮ್ಮಿ. ಎಷ್ಟೋ ಚಾರ್ಜಿಂಗ್ ಜಾಗಗಳಲ್ಲಿ ಟ್ರೇಲರ್ ಬಿಚ್ಚಿ ಪಕ್ಕಕ್ಕಿಟ್ಟೇ ಪ್ಲಗ್ ಹಾಕಬೇಕು. ಮಕ್ಕಳು ಹಸಿದು ಕೂತಿರುವಾಗ ಈ ಕೆಲಸ ನಿಜಕ್ಕೂ ಕಷ್ಟ.

ಪಿಕಪ್ಪಿನ ದೊಡ್ಡ ಗುಣ ಅಂದರೆ ಕರೆಂಟು. ಹಿಂಬದಿಯ ಪ್ಲಗ್ ಪಾಯಿಂಟುಗಳಿಂದಲೇ ಫ್ರಿಜ್ಜು ನಡೆಸಬಹುದು. ಬೇಕಾದ ಸಲಕರಣೆ ಹಾಕಿಸಿದರೆ ಇಡೀ ಮನೆಗೆ 9.6 ಕಿಲೋವ್ಯಾಟ್‌ವರೆಗೆ ಕೊಡುತ್ತೆ. ಬಿರುಗಾಳಿಗೆ ಆಗಾಗ ಕರೆಂಟ್ ಹೋಗೋ ಊರಲ್ಲಿದ್ದರೆ ನಾನಾದರೂ ಅದನ್ನೇ ಆರಿಸ್ತಿದ್ದೆ.

ಫೆಡರಲ್ ತೆರಿಗೆ ರಿಯಾಯಿತಿ 7,500 ಡಾಲರ್ 2025ರ ಸೆಪ್ಟೆಂಬರ್ 30ಕ್ಕೇ ಮುಗಿದಿದೆ, ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ. ವರ್ಷಕ್ಕೆರಡು ಸಲ ಕೈತೋಟಕ್ಕೆ ಮಣ್ಣು ತರೋದಷ್ಟೇ ಆದರೆ ಕ್ರಾಸೋವರ್ ತಗೊಂಡು, ಆ ದಿನಕ್ಕೆ ಟ್ರಕ್ ಬಾಡಿಗೆಗೆ ತನ್ನಿ.